ಸೂತ್ರಕ್ಕೂ ಮೊದಲು ಚಿತ್ರ

ಪ್ರಶ್ನೆ: ಕನ್ನಡ ಮಾಧ್ಯಮದ ಮಗಳು ಈಗ ಪ್ರಥಮ ಪಿಯುಸಿ. ಫಿಸಿಕ್ಸ್ ಸೂತ್ರ ಬಾಯಿಪಾಠ, ಲೆಕ್ಕ ಮಾತ್ರ ಬರಲ್ಲ.
– ಒಬ್ಬ ತಾಯಿ, ಉಲ್ಲಾಳ, ಬೆಂಗಳೂರು

ಉತ್ತರ: ತೊಡಕಿರುವುದು ಬುದ್ಧಿಯಲ್ಲಲ್ಲ ತಾಯಿ, ಅಭ್ಯಾಸದಲ್ಲಿ. ಲೆಕ್ಕ ಓದಿದೊಡನೆ ಸೂತ್ರ ಹುಡುಕದೆ ಚಿತ್ರ ಬಿಡಿಸಲಿ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ನೆಲಕ್ಕೆ 30 ಡಿಗ್ರಿ ಕೋನದಲ್ಲಿ ಎಸೆದ ಚೆಂಡಿನ ಮೇಲ್ಮುಖ ವೇಗ 10 ಮೀಟರ್ ಅಷ್ಟೇ. ಗುರುತ್ವ ವೇಗೋತ್ಕರ್ಷ 10 ಎಂದುಕೊಂಡರೆ ಅದು ಒಂದು ಸೆಕೆಂಡ್ ಏರುತ್ತದೆ. ಎತ್ತರ 5 ಮೀಟರ್. ಇದನ್ನು ಮೊದಲು ಕನ್ನಡದಲ್ಲೇ ನಿಮಗೆ ವಿವರಿಸಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ಸಿಇಟಿಯ 60 ಪ್ರಶ್ನೆ, 80 ನಿಮಿಷದ ಚಿಂತೆ ಮುಂದಿನ ವರ್ಷಕ್ಕಿರಲಿ. ನಿಮ್ಮ ನೆರೆಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರೂ ಹಳ್ಳಿ ಶಾಲೆಯಿಂದ ಬಂದು ಫಿಸಿಕ್ಸ್ ಮೇಷ್ಟ್ರಾದವರೇ. ದಿನಕ್ಕೆ ಎರಡೇ ಲೆಕ್ಕ ಸಾಕು. ಆದರೆ ಉತ್ತರ ನೋಡದೆ ಮಾಡಲಿ.