ನಾಲ್ಕು ಬೋಲ್ಟು, ಎರಡು ಮಿಲಿಮೀಟರು
ಹಳೆ ಕಾರು: ಪ್ರಶ್ನೋತ್ತರ

ಪ್ರಶ್ನೆ: ತಂದೆಯವರ 1984ರ ಪ್ರೀಮಿಯರ್ ಪದ್ಮಿನಿ ಬಹಳ ವರ್ಷಗಳಿಂದ ಪೋರ್ಟಿಕೋದಲ್ಲೇ ನಿಂತಿತ್ತು. ಈಗ ಎಂಜಿನ್ ಕೆಲಸ ಮುಗಿಸಿದ್ದೇವೆ. ಎರಡು ವೀಲ್ ಡಿಸ್ಕ್ ತುಕ್ಕು ತಿಂದು ತೂತಾಗಿವೆ. ಅಲಾಯ್ ಅಂಗಡಿಯವರು ‘ನಾಲ್ಕು ಬೋಲ್ಟ್ ತಾನೇ, ಇಂಡಿಕಾದ್ದು ಕೂತ್ಕೊಳ್ಳತ್ತೆ ಸಾರ್’ ಅನ್ನುತ್ತಾರೆ. ನಂಬಬಹುದೇ?
– ನಿವೃತ್ತ ಬ್ಯಾಂಕ್ ನೌಕರರು, ಜಯನಗರ 4ನೇ ಟಿ ಬ್ಲಾಕ್

ಉತ್ತರ: ನಂಬಬೇಡಿ. ಕೂತ್ಕೊಳ್ಳುವುದೇನೋ ಕೂತ್ಕೊಳ್ಳುತ್ತದೆ, ಅಪಾಯ ಇರುವುದೂ ಅಲ್ಲೇ.

ಅಂಗಳದಲ್ಲಿ ದೊಡ್ಡ ರಂಗೋಲಿ ಹಾಕುವಾಗ ನಡುವೆ ಒಂದು ಮೊಳೆ ಊರಿ, ದಾರ ಕಟ್ಟಿ, ಸುತ್ತ ಗೆರೆ ಎಳೆಯುತ್ತಾರಲ್ಲ, ಹಾಗೆ ಚಕ್ರ ಕೂರುವ ಹಬ್ಬಿನ ನಟ್ಟನಡುವೆ ಮೊಳೆ ಇದೆಯೆಂದುಕೊಳ್ಳಿ. ಎಲ್ಲ ಬೋಲ್ಟುಗಳ ನಡುಬಿಂದುಗಳನ್ನು ಮುಟ್ಟಿಕೊಂಡು ಹೋಗುವ ಒಂದು ವೃತ್ತ ಬರುತ್ತದೆ. ಅದರ ವ್ಯಾಸವನ್ನೇ ಗ್ಯಾರೇಜಿನವರು ಪಿ.ಸಿ.ಡಿ. ಅನ್ನುವುದು. ಇಂಡಿಕಾ, ಸ್ವಿಫ್ಟ್, ಐ10 ಎಲ್ಲದರದ್ದೂ 100 ಮಿ.ಮೀ. ಹಾಗಾಗಿ ಅಂಗಡಿಗಳ ಗೋಡೆಗೆ ನೇತುಹಾಕಿರುವ ನಾಲ್ಕು ತೂತಿನ ಅಲಾಯ್‌ಗಳಲ್ಲಿ ಹೆಚ್ಚಿನವು 100ರವು. ನಿಮ್ಮ ಪದ್ಮಿನಿ ಇಟಲಿಯ ಫಿಯಟ್ 1100ರ ಮಗಳು. ಫಿಯಟ್ ಮನೆತನದ ಅಳತೆ 98. ನಡುವಿರುವ ವ್ಯತ್ಯಾಸ ಎರಡೇ ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಪ್ರತಿ ಬೋಲ್ಟೂ ಒಂದೊಂದು ಮಿ.ಮೀ. ಓರೆಯಾಗಿ ಒಳಹೋಗುತ್ತದೆ, ಸ್ಪ್ಯಾನರ್ ಬಿಗಿಯಾದಂತೆ ತೋರುತ್ತದೆ, ಆದರೆ ಬೋಲ್ಟಿನ ಶಂಕುವಿನಾಕಾರದ ತಲೆ ತೂತಿನ ಒಂದು ಪಕ್ಕಕ್ಕೆ ಮಾತ್ರ ಒತ್ತಿಕೊಂಡಿರುತ್ತದೆ.

ಇಪ್ಪತ್ತು ವರ್ಷದ ಹಿಂದೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ‘ಆಗತ್ತೆ ಬಿಡಿ ಸಾರ್’ ಎಂದವರ ಮಾತಿಗೆ ತಲೆಯಾಡಿಸಿ ಹೊರಟವನಿಗೆ ಕನಕಪುರ ರಸ್ತೆಯಲ್ಲಿ ಸಾರಕ್ಕಿ ದಾಟುವ ಹೊತ್ತಿಗೆ ಹಿಂದಿನ ಎಡಚಕ್ರದಿಂದ ಟಕ್ ಟಕ್ ಸದ್ದು ಕೇಳಿಸಿತು. ಇಳಿದು ನೋಡಿದರೆ ಎರಡು ಬೋಲ್ಟ್ ಬೆರಳಲ್ಲೇ ತಿರುಗುತ್ತಿದ್ದವು. ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು.

ಈಗ ಅಳತೆಗೆ ಬರೋಣ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಬೋಲ್ಟ್ ಸಡಿಲಿಸಿ, ಆಮೇಲೆ ಜಾಕಿ ಏರಿಸಿ. ಇರುವುದರಲ್ಲಿ ಚೆನ್ನಾಗಿರುವ ಡಿಸ್ಕನ್ನು ಬಿಚ್ಚಿ ನೆಲಕ್ಕಿಡಿ. ತೂತಿನ ನಡುಬಿಂದುವನ್ನು ಅಂದಾಜಿನಲ್ಲಿ ಹಿಡಿಯಲು ಹೋದವರೆಲ್ಲ ಎಡವುತ್ತಾರೆ. ಬದಲಿಗೆ ಒಂದು ತೂತಿನ ಎಡ ಅಂಚಿನಿಂದ ಎದುರು ತೂತಿನ ಎಡ ಅಂಚಿಗೆ ಅಳೆಯಿರಿ. ತೂತುಗಳೆಲ್ಲ ಒಂದೇ ಗಾತ್ರದವಾದ್ದರಿಂದ ನಡುವಿನಿಂದ ನಡುವಿಗೆ ಬರುವ ದೂರವೇ ಇದೂ ಆಗಿರುತ್ತದೆ. ದರ್ಜಿಯ ಟೇಪು ಬೇಡ, ಅದು ಹಿಗ್ಗುತ್ತದೆ. ಸ್ಟೀಲ್ ಸ್ಕೇಲೂ ಪರವಾಗಿಲ್ಲ, ವರ್ನಿಯರ್ ಕ್ಯಾಲಿಪರ್ ಇದ್ದರೆ ಉತ್ತಮ. ಇಂಜಿನಿಯರಿಂಗ್ ಓದುವ ಮೊಮ್ಮಗನಿದ್ದರೆ ಅವನ ಚೀಲದಲ್ಲಿ ಹುಡುಕಿ. ಮೂರು ಸಲ ಅಳೆದು ಬರೆದಿಡಿ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೆಯೇ ಡಿಸ್ಕಿನ ಮೇಲೂ ಉಜ್ಜಿದರೆ ತೂತುಗಳ ಅಚ್ಚು ಬರುತ್ತದೆ. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಗುಜರಿಗೆ ಹೋಗಿ.

98 ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯುನೊ, ಪಾಲಿಯೊ ಕಾರುಗಳ ವೀಲ್‌ಗಳೂ 98ರವೇ, ಆದರೆ ಅವುಗಳ ನಡುತೂತು ನಿಮ್ಮ ಹಬ್ಬಿಗೆ ಹಿಡಿಯುತ್ತದೆಯೋ ಇಲ್ಲವೋ ಇಟ್ಟೇ ನೋಡಬೇಕು. ಇನ್ನೊಂದು ಮಾತು. ಪದ್ಮಿನಿಯಲ್ಲಿ ಹೊರಚಾಚಿದ ಸ್ಟಡ್ಡಿಗೆ ನಟ್ಟು ಕೂರಿಸುವ ಪದ್ಧತಿಯಿಲ್ಲ, ಬೋಲ್ಟೇ ನೇರ ಹಬ್ಬಿನೊಳಕ್ಕೆ ತಿರುಗುತ್ತದೆ. ಅಲಾಯ್ ದಪ್ಪ, ಉಕ್ಕಿನ ಡಿಸ್ಕ್ ತೆಳು. ಹಳೆಯ ಬೋಲ್ಟನ್ನೇ ಅಲಾಯ್‌ಗೆ ಹಾಕಿದರೆ ನಾಲ್ಕೈದು ಸುತ್ತಿಗೇ ನಿಂತುಬಿಡುತ್ತದೆ. ಬೋಲ್ಟಿನ ದಪ್ಪ ಎಷ್ಟೋ ಕನಿಷ್ಠ ಅಷ್ಟು ಉದ್ದ ಒಳಗೆ ಹಿಡಿದಿರಬೇಕು. ಹಾಗೆಂದು ತೀರಾ ಉದ್ದದ ಬೋಲ್ಟ್ ಹಾಕಿದರೆ ಡ್ರಮ್ಮಿನೊಳಗೆ ಬ್ರೇಕ್ ಶೂಗೆ ತಾಗುತ್ತದೆ.

ನನ್ನನ್ನು ಕೇಳಿದರೆ ಅಲಾಯ್ ಆಸೆ ಬಿಟ್ಟು ಪದ್ಮಿನಿಯದೇ 14 ಇಂಚಿನ ಹಳೆ ಉಕ್ಕಿನ ಡಿಸ್ಕ್ ಹುಡುಕಿ. ಜೆ.ಸಿ. ರಸ್ತೆಯ ಓಣಿಗಳಲ್ಲಿ, ಶಿವಾಜಿನಗರದ ಗುಜರಿಗಳಲ್ಲಿ ವಿಚಾರಿಸಿ. ತಂದದ್ದನ್ನು ಹಬ್ಬಿಗೆ ಹಾಕಿ, ಜಾಕಿ ಮೇಲೆ ತಿರುಗಿಸುತ್ತಾ ಅಂಚಿಗೆ ಸೀಮೆಸುಣ್ಣ ಹಿಡಿಯಿರಿ. ಒಂದು ಕಡೆ ಮಾತ್ರ ಬಳಿದುಕೊಂಡರೆ ಡಿಸ್ಕ್ ಸೊಟ್ಟಗಿದೆ ಎಂದರ್ಥ, ವಾಪಸು ಕೊಡಿ.

ಪ್ರಶ್ನೆ: ನಮ್ಮದು ಹಳೆ ಜೀಪು, ಐದು ಬೋಲ್ಟಿನದು. ಒಂದು ಬೋಲ್ಟಿನ ಎದುರಿಗೆ ಇನ್ನೊಂದು ಇಲ್ಲವೇ ಇಲ್ಲ, ಯಾವುದರಿಂದ ಯಾವುದಕ್ಕೆ ಅಳೆಯುವುದು? ಎಡಗಡೆ ಚಕ್ರದ ನಟ್ಟುಗಳಂತೂ ಪೈಪ್ ಹಾಕಿ ಎಳೆದರೂ ಬಿಚ್ಚುತ್ತಿಲ್ಲ.
– ಬನಶಂಕರಿ 3ನೇ ಹಂತದ ಓದುಗರು

ಉತ್ತರ: ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ, ನೀವು ಸ್ಟಡ್ ಮುರಿಯುವ ಮುಂಚೆ. ಹಳೆ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಎಡಬದಿಯ ಚಕ್ರಗಳಿಗೆ ಉಲ್ಟಾ ಮರೆ (ಥ್ರೆಡ್) ಇರುತ್ತಿತ್ತು. ಚಕ್ರ ಉರುಳುವಾಗ ನಟ್ಟು ತಾನಾಗಿ ಸಡಿಲವಾಗದಿರಲಿ ಎಂದು ಹಾಗೆ ಮಾಡಿದ್ದರು. ಅಂಥ ನಟ್ಟನ್ನು ಬಿಚ್ಚಲು ಬಲಕ್ಕೆ, ಅಂದರೆ ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಬೇಕು. ಇಷ್ಟು ದಿನ ನೀವು ಬಿಚ್ಚುತ್ತಿರಲಿಲ್ಲ, ಬಿಗಿ ಮಾಡುತ್ತಿದ್ದಿರಿ. ಸ್ಟಡ್ಡಿನ ತುದಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ ನೋಡಿ, ಕೆಲವದರ ಮೇಲೆ ‘ಎಲ್’ ಎಂಬ ಅಕ್ಷರ ಇರುತ್ತದೆ.

ಅಳತೆಗೆ ಒಂದು ಗುಣಾಕಾರ ಸಾಕು. ಪಕ್ಕಪಕ್ಕದ ಎರಡು ಬೋಲ್ಟುಗಳ ನಡುವಿನ ದೂರ ತೆಗೆದುಕೊಂಡು 1.7013ರಿಂದ ಗುಣಿಸಿ. 36 ಡಿಗ್ರಿಯ ಸೈನ್‌ನಿಂದ ಭಾಗಿಸಿದರೂ ಅದೇ ಬರುತ್ತದೆ, ಲೆಕ್ಕದ ಮೇಷ್ಟರು ನೆನಪಾದರೆ ನಮಸ್ಕಾರ ಹೇಳಿ. ನಿಮಗೆ 82 ಮಿ.ಮೀ. ಆಸುಪಾಸು ಬಂದರೆ ವೃತ್ತ 139.7, ಅಂದರೆ ಐದೂವರೆ ಇಂಚು. ಖಾತ್ರಿಗೆ ಒಂದು ಬೋಲ್ಟ್ ಬಿಟ್ಟು ಮುಂದಿನದಕ್ಕೂ ಅಳೆಯಿರಿ, ಅದು 133ರ ಹತ್ತಿರ ಬರಬೇಕು. ಐದು ಬೋಲ್ಟಿನಲ್ಲಿ ಅಳತೆಯ ತಪ್ಪೂ ಗುಣಿಸಿಕೊಂಡು ದೊಡ್ಡದಾಗುತ್ತದೆ. 112ರ ವೃತ್ತಕ್ಕೂ 114.3ರ ವೃತ್ತಕ್ಕೂ ಪಕ್ಕದ ಬೋಲ್ಟುಗಳ ನಡುವೆ ಸಿಗುವ ವ್ಯತ್ಯಾಸ ಒಂದೂವರೆ ಮಿ.ಮೀ.ಗೂ ಕಡಿಮೆ. ಇಲ್ಲಿ ವರ್ನಿಯರ್ ಇಲ್ಲದೆ ಕೂರಬೇಡಿ.

139.7 ಎಂದರೆ ನಿಮಗೆ ಅದೃಷ್ಟ. ಮಾರುತಿ ಜಿಪ್ಸಿಯದ್ದೂ ಅದೇ. ಆದರೆ ಜಿಪ್ಸಿಯ ಚಕ್ರ 15 ಇಂಚು, ಹಳೆ ಜೀಪಿನದು 16. ಟೈರ್ ಸಣ್ಣದಾದರೆ ನಿಜವಾದ ವೇಗಕ್ಕಿಂತ ಹೆಚ್ಚನ್ನು ಮೀಟರ್ ತೋರಿಸುತ್ತದೆ.

ಪ್ರಶ್ನೆ: ಮಾವನವರ 1967ರ ಸ್ಟ್ಯಾಂಡರ್ಡ್ ಹೆರಾಲ್ಡ್ ನಮ್ಮ ಪಾಲಿಗೆ ಬಂದಿದೆ. ನೀವು ಹಿಂದೆ ಬರೆದಂತೆ ಅಳೆದೆ, 95ಕ್ಕಿಂತ ಕೂದಲೆಳೆ ಹೆಚ್ಚು ಬರುತ್ತದೆ. ಅಂಗಡಿಯಲ್ಲಿ ‘ಮೇಡಂ, ಅಂಥ ಸೈಜೇ ಇಲ್ಲ’ ಎಂದರು. ನಾನು ಅಳೆದದ್ದು ತಪ್ಪೇ?
– ಬಿ.ಟಿ.ಎಂ. ಲೇಔಟ್ 2ನೇ ಹಂತದ ಓದುಗರು

ಉತ್ತರ: ನೀವು ಅಳೆದದ್ದು ಕರಾರುವಾಕ್ಕಾಗಿದೆಯಮ್ಮ. ಅಂಗಡಿಯವರದು ಮಿಲಿಮೀಟರ್ ಲೋಕ, ನಿಮ್ಮ ಕಾರು ಇಂಚಿನ ಕಾಲದ್ದು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ತಯಾರಿಸುತ್ತಿದ್ದ ಹೆರಾಲ್ಡ್ ಮೂಲತಃ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಅದರ ಬೋಲ್ಟಿನ ವೃತ್ತ ಮೂರೂಮುಕ್ಕಾಲು ಇಂಚು, ಅಂದರೆ 95.25 ಮಿ.ಮೀ. ಟ್ರಯಂಫ್ ಸ್ಪಿಟ್‌ಫೈರ್‌ಗೂ ಇದೇ ಅಳತೆ, ಹೊರಗಿನಿಂದ ತರಿಸುವುದಾದರೆ ಆ ಹೆಸರಿನಲ್ಲಿ ಹುಡುಕಿ. ಹಳೆ ಮಿನಿಯದು ನಾಲ್ಕು ಇಂಚು, ಲ್ಯಾಂಡ್ ರೋವರಿನದು ಆರೂವರೆ ಇಂಚು. ತಮಾಷೆಯೆಂದರೆ ನಾಲ್ಕೂವರೆ ಇಂಚು ಇವತ್ತಿಗೂ ಸತ್ತಿಲ್ಲ. ನಿಮ್ಮ ಬೀದಿಯ ಮಾರುತಿ 800ರ ಚಕ್ರದಲ್ಲಿ 114.3 ಎಂಬ ವಿಚಿತ್ರ ಸಂಖ್ಯೆಯ ವೇಷದಲ್ಲಿ ಅದೇ ಕೂತಿದೆ.

ನಟ್ಟುಗಳೂ ಇಂಚಿನವೇ, 3/8 ಇಂಚಿನ ಯು.ಎನ್.ಎಫ್. ಮರೆ. 10 ಮಿ.ಮೀ.ನ ನಟ್ಟು ಸಡಿಲವಾಗಿ ಏರಿಬಿಡಬಹುದು, ಏರಿತೆಂದು ಸಂತೋಷಪಡಬೇಡಿ.

2021ರ ವಿಂಟೇಜ್ ನೋಂದಣಿ ನಿಯಮಕ್ಕೆ ಚಕ್ರ ಬದಲಾವಣೆ ಅಡ್ಡಿಯೇ ಎಂದೂ ಕೇಳಿದ್ದೀರಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನದ ಚಾಸಿ, ಬಾಡಿ ಶೆಲ್, ಎಂಜಿನ್‌ಗಳಲ್ಲಿ ಭಾರಿ ಮಾರ್ಪಾಡು ಇರಬಾರದು ಎನ್ನುತ್ತದೆ ನಿಯಮ. ಆ ಪಟ್ಟಿಯಲ್ಲಿ ಚಕ್ರದ ಹೆಸರಿಲ್ಲ. ಆದರೂ ಹೆರಾಲ್ಡಿಗೆ ಹೊಳೆಯುವ ಅಲಾಯ್ ಹಾಕುವುದು ಅಜ್ಜಿಗೆ ಜೀನ್ಸ್ ತೊಡಿಸಿದ ಹಾಗೆ.

ಪ್ರಶ್ನೆ: ಅಳತೆ ಹೊಂದದಿದ್ದರೆ ಲೇತಿನಲ್ಲಿ ಅದೇ ಡಿಸ್ಕಿಗೆ ಹೊಸ ತೂತು ಕೊರೆಸಬಹುದೇ?
– ಜೆ.ಪಿ. ನಗರ 6ನೇ ಹಂತ

ಉತ್ತರ: ಕೂಡದು. ಹಳೆ ತೂತಿನ ಪಕ್ಕದಲ್ಲೇ ಹೊಸ ತೂತು ಬಂದರೆ ನಡುವೆ ಉಳಿಯುವ ಲೋಹ ತೆಳುವಾಗಿ ಅಲ್ಲೇ ಸೀಳು ಬಿಡುತ್ತದೆ.

ಪ್ರಶ್ನೆ: ನನ್ನ ಬಳಿ ಸಿಪಾನಿ ಡಾಲ್ಫಿನ್ ಇದೆ. ಸ್ಟೆಪ್ನಿ ಕಳೆದುಹೋಗಿದೆ. ಯಾರನ್ನು ಕೇಳಿದರೂ ಕಾರಿನ ಹೆಸರಿಗೇ ನಗುತ್ತಾರೆ.
– ಪುಟ್ಟೇನಹಳ್ಳಿಯ ಓದುಗರು

ಉತ್ತರ: ನಗುವವರಿಗೆ ಗೊತ್ತಿಲ್ಲ, ಬೆಂಗಳೂರಿನಲ್ಲೇ ತಯಾರಾದ ಕಾರು ಅದು. 1982ರಲ್ಲಿ ಬಂತು, ಫೈಬರ್ ಗ್ಲಾಸ್ ಮೈ, ಎರಡು ಬಾಗಿಲು, 848 ಸಿ.ಸಿ. ಎಂಜಿನ್. ಹಗುರವಾಗಿದ್ದರಿಂದ ರ‍್ಯಾಲಿಗಳಲ್ಲಿ ದೊಡ್ಡ ಕಾರುಗಳನ್ನು ಹಿಂದೆ ಹಾಕುತ್ತಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. ಕಾರಿನಲ್ಲಿರುವ ನಾಲ್ಕು ಚಕ್ರಗಳಲ್ಲಿ ಒಂದನ್ನು ಬಿಚ್ಚಿ, ಮೊದಲ ಉತ್ತರದಲ್ಲಿ ಹೇಳಿದಂತೆ ಎದುರುಬದುರು ತೂತು ಅಳೆಯಿರಿ. 101.6 ಬಂದರೆ ಹಳೆ ಮಿನಿಯ 10 ಇಂಚಿನ ವೀಲ್ ಇಟ್ಟು ನೋಡಬಹುದು. ನಡುತೂತನ್ನೂ, ವೀಲ್ ಒಳಗೆ ಎಷ್ಟು ಸರಿದು ಕೂರುತ್ತದೆಂಬುದನ್ನೂ ಹೋಲಿಸಿಕೊಂಡು ಆಮೇಲೆ ದುಡ್ಡು ಕೊಡಿ.

ಹಳೆ ಶೆಡ್ಡಿನಲ್ಲೋ ತೋಟದ ಮನೆಯಲ್ಲೋ ಡಾಲ್ಫಿನ್ನಿನ ಒಂದು ಡಿಸ್ಕ್ ಬಿದ್ದಿರುವ ಓದುಗರು ಯಾರಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕುವ ಮುಂಚೆ ಈ ಅಂಕಣಕ್ಕೊಂದು ಕಾರ್ಡ್ ಬರೆಯಿರಿ. ತೂತಿನ ಅಳತೆ ಜೊತೆಯಲ್ಲಿರಲಿ.