ವಾಪಸಾತಿ ಮುಗಿದರೂ ವಾರಂಟಿ ಉಂಟು
ಆನ್‌ಲೈನಿನಲ್ಲಿ ತರಿಸಿದ ಲ್ಯಾಪ್‌ಟಾಪಿನ ಪರದೆಯಲ್ಲಿ ಹನ್ನೆರಡನೇ ದಿನ ಗೆರೆ ಮೂಡಿತು, ಹತ್ತು ದಿನದ ಗಡುವು ಮುಗಿಯಿತೆಂದು ಮಾರಾಟಗಾರರು ಕೈತೊಳೆದುಕೊಂಡರು ಎಂದಿದ್ದೀರಿ. ವಾಪಸಾತಿ ಬೇರೆ, ವಾರಂಟಿ ಬೇರೆ. ಎರಡನೆಯದು ತಯಾರಕರ ಹೊಣೆ. ಬಿಲ್ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಿ. ರಸೀದಿ ಪಡೆಯದೆ ಯಂತ್ರ ಕೊಡಬೇಡಿ, ಡೇಟಾ ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ. (ಕೆಳಗೆ ಬಿದ್ದಿದ್ದರೆ ಸಾಮಾನ್ಯವಾಗಿ ವಾರಂಟಿ ಸಿಗದು. ಬಿದ್ದಿಲ್ಲವೆಂದೇ ನಂಬುತ್ತೇನೆ!) ಜೊತೆಗೆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಾರಿದವರು ದೆಹಲಿಯಲ್ಲಿದ್ದರೂ ನೀವು ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ.