‘ಸಂಗ್ಯಾ ಬಾಳ್ಯಾ’ ನೋಡಲು ಹೊರಟವರಿಗೆ

ಉತ್ತರ ಕರ್ನಾಟಕದ ಬಯಲಾಟದ ಒಂದು ಬಗೆಯಾದ ಸಣ್ಣಾಟವನ್ನೇ ನೋಡದವರು ‘ಸಂಗ್ಯಾ ಬಾಳ್ಯಾ’ದಿಂದ ಶುರು ಮಾಡಿದರೆ ಒಳ್ಳೆಯದು. ಬೈಲಹೊಂಗಲದಲ್ಲಿ ನಡೆದ ಕೊಲೆಯ ಮೇಲೆ 19ನೆಯ ಶತಮಾನದಲ್ಲಿ ಕಟ್ಟಿದ ಆಟವಿದು. ಕಟ್ಟಿದವರು ಪತ್ತಾರ ಮಾಸ್ತರರು ಎಂದು ಹೇಳಿಕೊಂಡು ಬಂದಿದ್ದಾರೆ.

ಹಣವಂತ ಸಂಗ್ಯಾ, ಈರ್ಯಾನ ಹೆಂಡತಿ ಗಂಗಾಳಿಗೆ ಮನಸೋಲುತ್ತಾನೆ. ಗೆಳೆಯ ಬಾಳ್ಯಾ ಮತ್ತು ಒಬ್ಬ ಮುದುಕಿ ನಡುವೆ ಓಡಾಡಿ ಇಬ್ಬರನ್ನೂ ಕೂಡಿಸುತ್ತಾರೆ. ಸುದ್ದಿ ಈರ್ಯಾನ ಕಿವಿಗೆ ಬೀಳುತ್ತದೆ. ದುಡ್ಡಿನಾಸೆಗೆ ಬಾಳ್ಯಾನೇ ಗೆಳೆಯನನ್ನು ಕೊಲೆಗಾರರಿಗೆ ಹಿಡಿದುಕೊಡುತ್ತಾನೆ. ಕಥೆ ಮೊದಲೇ ಹೇಳಿಬಿಟ್ಟರಲ್ಲ ಎಂದು ಬೇಸರ ಬೇಡ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಆಟ ನೋಡಲು ಕೂತವರಲ್ಲಿ ಇದು ತಿಳಿಯದವರು ಕಡಿಮೆ. ಗೊತ್ತಿದ್ದೂ ಬೆಳತನಕ ಕೂರುತ್ತಾರೆ, ಅದೇ ಈ ಆಟದ ಶಕ್ತಿ.

ಬಯಲಾಟದ ಇನ್ನೊಂದು ಬಗೆಯಾದ ದೊಡ್ಡಾಟದಲ್ಲಿ ಪುರಾಣದ ಕಥೆ, ಕಿರೀಟ, ಭುಜಕೀರ್ತಿ, ರಂಗದ ಅಟ್ಟ ನಡುಗಿಸುವ ಕುಣಿತ. ಸಣ್ಣಾಟದಲ್ಲಿ ಧೋತರ, ರುಮಾಲು, ಸೀರೆ. ನಮ್ಮ ಓಣಿಯವರಂಥದೇ ವೇಷ, ನಮ್ಮ ಓಣಿಯದೇ ಮಾತು.

ಇನ್ನು ಇದನ್ನು ತಯಾರು ಮಾಡುವ ಬಗೆ. ಹೊಲದ ಕೆಲಸ ಕಡಿಮೆಯಾದ ಮೇಲೆ ರಾತ್ರಿ ಊಟ ಮುಗಿಸಿ ಹುಡುಗರು ಗುಡಿಯಲ್ಲೋ ಗರಡಿಮನೆಯಲ್ಲೋ ಸೇರುತ್ತಾರೆ. ಆಟ ಕಲಿಸುವ ಮಾಸ್ತರ ಒಂದು ನುಡಿ ಹಾಡುತ್ತಾನೆ, ಹುಡುಗ ತಿರುಗಿ ಹಾಡುತ್ತಾನೆ. ಧಾಟಿ ಗಂಟಲಿಗೆ ಹತ್ತುವವರೆಗೂ ಅದೇ ನುಡಿ. ಗಂಗಾಳ ಪಾತ್ರವನ್ನು ಹಿಂದೆ ಗಂಡಸರೇ ಮಾಡುತ್ತಿದ್ದರು, ಆಮೇಲೆ ಕಲಾವಿದೆಯರು ಬಂದರು. ತಾಲೀಮಿನಲ್ಲಿ ಹಾಡು ಗಟ್ಟಿಯಾಗುತ್ತದೆ. ನಡುನಡುವಿನ ಮಾತು ಮಾತ್ರ ಬಹುಪಾಲು ನಟನ ಜಾಣತನಕ್ಕೆ ಬಿಟ್ಟದ್ದು. ನಗು ಹುಟ್ಟುವುದೂ ಅಲ್ಲಿಯೇ.

ಮೊದಲ ಸಲ ನೋಡುವವರಿಗೆ ನಾನು ಹೇಳುವುದು ಒಂದೇ: ಕಣ್ಣು ಮುಂದಿನ ನಟನ ಮೇಲಿದ್ದರೂ ಕಿವಿ ಹಿಂದಿನ ಮ್ಯಾಳದ ಕಡೆ ಇರಲಿ. ಮ್ಯಾಳದವರು, ಅಂದರೆ ಹಿಮ್ಮೇಳದವರು, ಹಾರ್ಮೋನಿಯಂ, ತಾಳ, ದಪ್ಪು ಹಿಡಿದು ನಟನ ಬೆನ್ನಿಗೇ ನಿಂತಿರುತ್ತಾರೆ. ಬೇರೆ ನಾಟಕಗಳು ತೆರೆಯ ಹಿಂದೆ ಮುಚ್ಚಿಡುವ ಕೆಲಸ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಸಂಗ್ಯಾ ತನ್ನ ವಿರಹದ ಒಂದು ಸೊಲ್ಲು ಹಾಡುತ್ತಾನೆ. ಮ್ಯಾಳದವರು ಅದನ್ನೇ ಎತ್ತಿಕೊಂಡು ಮೇಲಿನ ಸ್ವರಕ್ಕೆ ಒಯ್ಯುತ್ತಾರೆ. ಆ ಹೊತ್ತಿನಲ್ಲಿ ಅವನು ಅಟ್ಟದ ಮೇಲೊಂದು ಸುತ್ತು ಹಾಕಿ, ಉಸಿರು ತಗೊಂಡು, ಮುಂದಿನ ಮಾತಿಗೆ ಸಜ್ಜಾಗುತ್ತಾನೆ. ಅಷ್ಟರಲ್ಲಿ ಬಾಳ್ಯಾ ನಡುವೆ ಬಾಯಿ ಹಾಕಿ ಗೆಳೆಯನ ಪ್ರೇಮವನ್ನು ಚೇಷ್ಟೆ ಮಾಡುತ್ತಾನೆ, ಮಂದಿ ನಗುತ್ತಾರೆ. ನಗು ಇಳಿಯುವ ಮೊದಲೇ ದಪ್ಪಿನ ಮೇಲೆ ಪೆಟ್ಟು ಬಿದ್ದು ಹಾಡು ಮತ್ತೆ ಏಳಬೇಕು. ತುಸು ತಡವಾದರೂ ಆಟ ಸಡಿಲ.

ಇಷ್ಟೆಲ್ಲ ನಗು ಯಾಕೆ? ಬಾಳ್ಯಾನ ಮೇಲೆ ನಮಗೆ ಪ್ರೀತಿ ಹುಟ್ಟಲಿ ಅಂತ. ಅರ್ಧ ರಾತ್ರಿ ನಮ್ಮನ್ನು ನಗಿಸಿದವನೇ ದುಡ್ಡಿಗೆ ಕೈಯೊಡ್ಡಿದಾಗ ಗುಂಪು ಗಪ್ಪನೆ ತಣ್ಣಗಾಗುತ್ತದೆ. ಚಾಪ್ಲಿನ್ 1931ರ ‘ಸಿಟಿ ಲೈಟ್ಸ್’ ಚಿತ್ರದಲ್ಲಿ, ಅಲೆಮಾರಿಯೂ ಹೂ ಮಾರುವ ಕುರುಡು ಹುಡುಗಿಯೂ ಮೊದಲು ಭೇಟಿಯಾಗುವ ದೃಶ್ಯವನ್ನು ಸಮಾಧಾನವಾಗುವ ತನಕ ನೂರಾರು ಸಲ ತೆಗೆದ. ನಗುವಿನ ಬೆನ್ನಿಗೇ ದುಃಖ ತಂದು ಕೂರಿಸುವುದು ಅಷ್ಟು ನಾಜೂಕಿನ ಕೆಲಸ. ಸಣ್ಣಾಟದವರಿಗೆ ಸಿಗುವುದು ಒಂದೇ ಅವಕಾಶ, ಅದೂ ಊರ ಮಂದಿಯ ಎದುರು. ಅವರ ಬಗ್ಗೆ ನನಗಿರುವ ಗೌರವಕ್ಕೆ ಇದೇ ದೊಡ್ಡ ಕಾರಣ.

ಗೋಕಾಕ ಸೀಮೆಯ ಘೋಡಗೇರಿಯಿಂದ ಬಂದ ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ ಅಚ್ಚಿಗೆ ತಂದರು. ಬಯಲಾಟದ ಇಂಥ ಪಟ್ಟುಗಳನ್ನೇ ತಮ್ಮ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ದುಡಿಸಿಕೊಂಡರು. ಪುಸ್ತಕ ಓದಿ, ಖಂಡಿತ ಓದಿ, ಆದರೆ ಆಟ ನೋಡಿದ ಮೇಲೆ. ಅಟ್ಟದ ಮೇಲೆ ಆ ಹೊತ್ತಿಗೆ ಹುಟ್ಟುವ ಬಾಳ್ಯಾನ ಮಾತು ಅಚ್ಚಿನಲ್ಲಿ ಸಿಕ್ಕುವುದಿಲ್ಲ, ತಂಡದಿಂದ ತಂಡಕ್ಕೆ ಅದು ಬೇರೆ. ಆಗುವುದಾದರೆ ಎರಡು ತಂಡಗಳ ಆಟ ನೋಡಿ. ಮ್ಯಾಳಕ್ಕೆ ಹತ್ತಿರವಿರುವ ಬದಿಯಲ್ಲಿ ಜಾಗ ಹಿಡಿಯಿರಿ.